ಅಳೆದು ಕೊಟ್ಟ ಗಾಳಿ

ಕೆಸೋನ್ ಸಿಟಿ, ಮನಿಲಾ
10 ಫೆಬ್ರವರಿ 2008

ಪ್ರೀತಿಯ ಮನಾಂಗ್, ನನ್ನ ಅಕ್ಕಾ,

ನೀನು ಕಳಿಸಿದ ಡಬ್ಬಿ ತಲುಪಿತು. ಹುಳಿಸಿದ ಸೀಗಡಿಯ ಗಿನಮೋಸ್ ಅಂದರೆ ತಮ್ಮನಿಗೆ ಪ್ರಾಣ ಅನ್ನುವುದನ್ನು ನೆನಪಿಟ್ಟುಕೊಂಡಿದ್ದೀಯ; ಡಯಾಲಿಸಿಸ್‌ಗೆ ಹೋಗುವವನು ಉಪ್ಪು ಮುಟ್ಟಬಾರದು ಅನ್ನುವುದನ್ನು ಮರೆತಿದ್ದೀಯ. ಪರವಾಗಿಲ್ಲ. ಡಬ್ಬಿಯನ್ನು ಆಸ್ಪತ್ರೆಗೆ ಒಯ್ದು ಮುಚ್ಚಳ ತೆಗೆದೆ. ನಾವೆಲ್ಲ ಸರದಿಯಲ್ಲಿ ಮೂಸಿದೆವು. ನನ್ನ ಪಕ್ಕದ ಕುರ್ಚಿಯ ಮಾಂಗ್ ಗಾರ್ದೋ, ಜೀಪ್ನಿ ಓಡಿಸುತ್ತಿದ್ದ ಮುದುಕ, ಕಣ್ಣು ಮುಚ್ಚಿಕೊಂಡು, "ಯಾರಾದ್ರೂ ಒಂದು ತಟ್ಟೆ ಅನ್ನ ತನ್ರಪ್ಪಾ, ಈ ವಾಸನೆ ನಂಚ್ಕೊಂಡೇ ಉಂಡ್ಬಿಡ್ತೀನಿ" ಅಂದರು. ನರ್ಸ್ ಬಂದು ಡಬ್ಬಿ ಕಿತ್ತುಕೊಂಡು ಹೋದಳು. ಅವಳ ಮನೆಯಲ್ಲಿ ಈಗ ಹಬ್ಬ ಇರಬೇಕು.

ಯಂತ್ರಕ್ಕೆ ಕೈ ಒಪ್ಪಿಸಿ ಮಲಗಿದರೆ ಅರ್ಧ ದಿನ ಹೋಗುತ್ತದೆ. ನನ್ನ ರಕ್ತ ಹೊರಗೆ ಹೋಗಿ, ತಿರುಗಾಡಿ, ತೊಳೆದುಕೊಂಡು ಮನೆಗೆ ಬರುತ್ತದೆ. ಆ ಹೊತ್ತಿನಲ್ಲಿ ನಾನು ಕೆಸೋನ್ ಸಿಟಿಯಲ್ಲಿ ಇರುವುದಿಲ್ಲ. ನಮ್ಮ ತಗ್‌ಬಾತೋ ದ್ವೀಪದ ಕೆಳಗೆ, ಬಿಸಿಲು ಇಳಿದು ಹಸಿರಾಗುವ ಆಳದಲ್ಲಿ ಇರುತ್ತೇನೆ. ಕುಡಿಯಲು ಗುಟುಕು ಲೆಕ್ಕದಲ್ಲಿ ನೀರು ಸಿಗುವವನ ಕನಸಿನಲ್ಲಿ ಬರಿಯ ನೀರು, ನೋಡು.

ಸುದ್ದಿ ಏನೆಂದರೆ, ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ನಾನೀಗ ಮುಂದಿದ್ದೇನೆ. ಯಾರೋ ಪುಣ್ಯಾತ್ಮರು ಸಾಯುವಾಗ ಬಿಟ್ಟು ಹೋದದ್ದು ನನಗೆ ಹೊಂದಿಕೊಂಡರೆ ಕರೆ ಬರುತ್ತದೆ. ಡಾಕ್ಟರ್ ಬಲಿಂಗಿತ್ ಇನ್ನೂ ಒಂದು ಮಾತು ಕೇಳಿದ್ದಾರೆ. ಅವರದೊಂದು ಅಧ್ಯಯನ ಇದೆಯಂತೆ. ಹೊಸ ಕಿಡ್ನಿ ಹಾಕಿದ ಮೇಲೆ ಒಂದು ಗಂಟೆ ಹೊತ್ತು ಮುಖಕ್ಕೆ ಮುಸುಕು ಹಾಕಿ ಒಂದು ಬಗೆಯ ಗಾಳಿ ಕೊಡುತ್ತಾರೆ. ಅದರಿಂದ ತೊಂದರೆ ಆಗುತ್ತದೆಯೋ ಇಲ್ಲವೋ ನೋಡುತ್ತಾರೆ. ಬೆಟ್ಟದ ಮೇಲಿನ ಗಾಳಿ ಅಂತ ಇಟ್ಟುಕೋ. ಒಪ್ಪಲೇ?

ನಿನ್ನ ದ್ವೀಪಕ್ಕೆ ಫೋನಿನ ಗೋಪುರ ಬರುವ ಹೊತ್ತಿಗೆ ನಾವಿಬ್ಬರೂ ಬೊಚ್ಚುಬಾಯಿ ಆಗಿರುತ್ತೇವೆ. ಅಲ್ಲಿಯವರೆಗೆ ಎಸ್ತಾನ್ಸಿಯಾ ಬಂದರಿನ ದೋಣಿಯ ಕೈಯಲ್ಲಿ ಬರೆದು ಕಳಿಸು.

ನಿನ್ನ ತಮ್ಮ
ದೆಲ್ಫಿನ್

*

ತಗ್‌ಬಾತೋ
9 ಮಾರ್ಚ್ 2008

ತೋತೋ,

ನಿನಗೆ ನಲವತ್ತು ದಾಟಿದರೂ ನನ್ನ ಬಾಯಿಗೆ ಪುಟ್ಟ ಹುಡುಗರನ್ನು ಕರೆಯುವ ತೋತೋನೇ ಬರುತ್ತದೆ. ಮಾಂಗ್ ಗಾರ್ದೋ ಮುಂದೆ ಈ ಕಾಗದ ಓದಬೇಡ, ನಗುತ್ತಾರೆ.

ಗಾಳಿ ಕೊಡುತ್ತಾರೆ ಅಂದರೆ ಕುಡಿ. ಅದರಲ್ಲಿ ಕೇಳುವುದೇನಿದೆ? ಚಿಕ್ಕಂದಿನಲ್ಲಿ ನಿನಗೆ ಎದೆ ಕಟ್ಟಿದಾಗ ಅಮ್ಮ ಸೊಪ್ಪು ಕುದಿಸಿ, ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದಳು. ನೀನು ಒಳಗಿಂದ ಕೂಗಾಡುತ್ತಿದ್ದೆ, ನಾನು ಕಂಬಳಿಯ ಅಂಚು ಒತ್ತಿ ಹಿಡಿದುಕೊಂಡು ಕೂರುತ್ತಿದ್ದೆ. ಈಗಿನವರು ಅದನ್ನೇ ಯಂತ್ರದಲ್ಲಿ ಮಾಡುತ್ತಾರೇನೋ. ಅದಕ್ಕೊಂದು ಹೆಸರಿಲ್ಲವೇ? ಹೆಸರು ಬರೆ, ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಬೆರ್ತಿಂಗ್‌ನ ಹತ್ತಿರ ಚಿಪ್ಪಿನ ಕೆಲಸಕ್ಕೆ ಹೋಗುತ್ತೇನೆ. ಕೂತು ಮಾಡುವ ಕೆಲಸ, ಏನೂ ಕಷ್ಟವಿಲ್ಲ. ಮೊನ್ನೆ ಕನಸಿನಲ್ಲಿ ನೀನು ತೀರ ಸಣ್ಣವನಾಗಿದ್ದೆ. ಹೊಟ್ಟೆಯೊಳಗೆ ದೀಪ ಇತ್ತು. ಚರ್ಮದ ಮೂಲಕ ಬೆಳಕು ಕಾಣುತ್ತಿತ್ತು. ಒಳ್ಳೆಯ ಕನಸು ಅಂದುಕೊಂಡಿದ್ದೇನೆ.

ಈ ಸಲ ಒಣಬಾಳೆ ಕಳಿಸಿದ್ದೇನೆ. ಅದರಲ್ಲಿ ಉಪ್ಪಿಲ್ಲ.

ಲುಮೆನ್

*

ಕೆಸೋನ್ ಸಿಟಿ
13 ಏಪ್ರಿಲ್ 2008

ಮನಾಂಗ್,

ಬಾಳೆಯನ್ನೂ ತಿನ್ನಬಾರದಂತೆ. ಮಾಂಗ್ ಗಾರ್ದೋ, "ನಿಮ್ಮಕ್ಕ ಪ್ರೀತಿಯಿಂದ್ಲೇ ನಿನ್ನ ಮುಗಿಸ್ತಾಳೆ" ಅನ್ನುತ್ತಾರೆ. ನಿನ್ನ ಕಾಗದಕ್ಕೆ ಪೆಟ್ರೋಲಿನ ವಾಸನೆ ಹಿಡಿದಿತ್ತು. ದೋಣಿಯವನು ಎಂಜಿನ್ನಿನ ಪಕ್ಕ ಇಟ್ಟುಕೊಂಡು ಬಂದಿರಬೇಕು.

ನೀನು ಹೆಸರು ಕೇಳಿದೆ. ಅಂದಿನಿಂದ ಬರೆಯಲು ಕೂತು ಏಳುತ್ತಿದ್ದೇನೆ. ಬೆಟ್ಟದ ಗಾಳಿ ಅಂದದ್ದು ಸುಳ್ಳು. ನಿನ್ನ ಗಂಡನನ್ನು ಕೊಂಡೊಯ್ದ ಗಾಳಿಯೇ ಇದು. ಎಂಜಿನ್ನಿನ ಹೊಗೆಯಲ್ಲಿ ಇರುವುದು. ಕಾರ್ಬನ್ ಮೋನಾಕ್ಸೈಡ್ ಅನ್ನುತ್ತಾರೆ.

ಪೂರ್ತಿ ಓದು. ಹರಿದು ಹಾಕಬೇಡ.

ಡಾಕ್ಟರ್ ಬಲಿಂಗಿತ್ ನನ್ನನ್ನೂ ಮಾಂಗ್ ಗಾರ್ದೋರನ್ನೂ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದರು. ಆಯಮ್ಮನದು ಮೆತ್ತಗಿನ ದನಿ, ಪಾಠ ಹೇಳುವವರ ಹಾಗೆ. ಹೆಸರು ಕೇಳುತ್ತಲೇ ಮಾಂಗ್ ಗಾರ್ದೋ ನಕ್ಕುಬಿಟ್ಟರು.

"ಡಾಕ್ಟ್ರೇ, ಇದನ್ನ ನಾನು ಎಡ್ಸಾ ರಸ್ತೇಲಿ ಜೀವಮಾನ ಪೂರ್ತಿ ಪುಕ್ಕಟೆ ಕುಡ್ದಿದ್ದೀನಿ. ಈಗ ಬಂದು ಪರೀಕ್ಷೆ ಮಾಡ್ತೀರಾ?"

"ಅಲ್ಲಿ ಎಷ್ಟು ಕುಡಿದ್ರಿ ಅಂತ ಯಾರೂ ಅಳೀಲಿಲ್ಲ, ಮಾಂಗ್ ಗಾರ್ದೋ. ಇಲ್ಲಿ ಅಳೀತೀವಿ."

ನನಗೆ ನಗು ಬರಲಿಲ್ಲ. ಎದ್ದು ಹೊರಗೆ ಹೋದೆ. ಡಾಕ್ಟರ್ ಹಿಂದೆಯೇ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತರು. ಭಾವ ನೋಂಗ್ ಇಸ್ಲಾವ್ ವಿಷಯ ಹೇಳಿದೆ. ದೋಣಿಯ ಮೇಲಿನ ಕಂಪ್ರೆಸರ್, ಸಮುದ್ರದ ಕೆಳಗೆ ಹಲ್ಲಿನಲ್ಲಿ ಕಚ್ಚಿಕೊಂಡ ಗಾಳಿಕೊಳವೆ, ಎಂಜಿನ್ನಿನ ಹೊಗೆ ಅದರೊಳಗೆ ನುಗ್ಗಿದ್ದು, ಎಲ್ಲ ಹೇಳಿದೆ. ಅವರು ನನ್ನನ್ನು ಒಪ್ಪಿಸಲು ನೋಡಲಿಲ್ಲ. "ಹಾಗಿದ್ರೆ ಬೇಡ ಅಂದ್ಬಿಡಿ ದೆಲ್ಫಿನ್. ಬೇಡ ಅಂದ್ರೂ ನಿಮ್ಮ ಸರದಿ ಹಿಂದೆ ಹೋಗಲ್ಲ" ಅಂದರು.

"ಕೊಲ್ಲೋದು ಔಷಧಿ ಹೇಗಾಗತ್ತೆ?" ಅಂತ ಕೇಳಿದೆ.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಒಬ್ಬರ ದೇಹದಿಂದ ತೆಗೆದ ಕಿಡ್ನಿ ರಕ್ತವಿಲ್ಲದೆ ಮಂಜುಗಡ್ಡೆಯಲ್ಲಿ ಮಲಗಿರುತ್ತದೆ. ಇನ್ನೊಬ್ಬರಿಗೆ ಹೊಲಿದಾಗ ಒಮ್ಮೆಗೇ ಬಿಸಿರಕ್ತ ನುಗ್ಗುತ್ತದೆ, ಅದು ಬೆಚ್ಚಿ ಬೀಳುತ್ತದೆ, ಬಾತುಕೊಳ್ಳುತ್ತದೆ. ಈ ಗಾಳಿಯನ್ನು ತೀರ ಸ್ವಲ್ಪ ಕೊಟ್ಟರೆ ಪ್ರಾಣಿಗಳಲ್ಲಿ ಆ ಗಾಬರಿ ಇಳಿದದ್ದನ್ನು ಕಂಡಿದ್ದಾರೆ. ನಮ್ಮ ಮೈಯೇ ದಿನವೂ ಒಂದಿಷ್ಟು ಈ ಗಾಳಿಯನ್ನು ಮಾಡಿಕೊಳ್ಳುತ್ತದಂತೆ. ನಿನ್ನ ಮೈ ಕೂಡ. ಆದರೆ ಕಸಿ ಮಾಡಿಸಿಕೊಂಡ ಮನುಷ್ಯರು ಇದನ್ನು ತಡೆದುಕೊಳ್ಳುತ್ತಾರೆಯೇ? ಮೊದಲು ಅಷ್ಟೇ ಗೊತ್ತಾಗಬೇಕು. ಗುಣವಾಗುತ್ತದೆ ಅಂತ ಅವರು ಮಾತು ಕೊಡುವುದಿಲ್ಲ. ಏನೂ ಆಗದಿದ್ದರೆ ಅದೇ ಅವರಿಗೆ ಗೆಲುವು. ಕೆಲವರಿಗೆ ಮುಸುಕಿನಲ್ಲಿ ಬರಿಯ ಗಾಳಿ ಬರುತ್ತದೆ, ಕೆಲವರಿಗೆ ಇದು ಬರುತ್ತದೆ. ಯಾರಿಗೆ ಯಾವುದು ಅಂತ ನಮಗೂ ತಿಳಿಯುವುದಿಲ್ಲ, ಕೊಡುವವರಿಗೂ ತಿಳಿಯುವುದಿಲ್ಲ.

ನಾನು ಒಪ್ಪಿದ್ದೇನೆ. ಏಕೆ ಎಂದು ನನಗೇ ಸರಿಯಾಗಿ ಹೇಳಲು ಬರುವುದಿಲ್ಲ. ಬೈಯುವುದಿದ್ದರೆ ಬೈ. ಆದರೆ ಬರೆ.

ದೆಲ್ಫಿನ್

*

ಕೆಸೋನ್ ಸಿಟಿ
25 ಮೇ 2008

ಮನಾಂಗ್,

ಎಸ್ತಾನ್ಸಿಯಾದಿಂದ ಬಂದವರನ್ನೆಲ್ಲ ವಿಚಾರಿಸಿದೆ. ನೀನು ಆರಾಮಾಗಿದ್ದೀಯ, ನಡೆದಾಡಿಕೊಂಡಿದ್ದೀಯ ಅನ್ನುತ್ತಾರೆ. ಹಾಗಾದರೆ ಇದು ಕಾಯಿಲೆಯ ಮೌನವಲ್ಲ.

ಮಾಂಗ್ ಗಾರ್ದೋಗೆ ಕಿಡ್ನಿ ಹಾಕಿದರು. ಹೆಂಡತಿಯದೇ. "ಇಷ್ಟು ವರ್ಷ ಹೊರಗಿಂದ ಬೈತಿದ್ಲು, ಇನ್ಮೇಲೆ ಒಳಗಿಂದ್ಲೂ ಶುರು" ಅನ್ನುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ತುಂಬಿರುತ್ತದೆ. ಮುಸುಕು ಹಾಕಿಸಿಕೊಂಡರು. ಏನೂ ಆಗಲಿಲ್ಲ.

ಪಕ್ಕದ ಕುರ್ಚಿ ಈಗ ಖಾಲಿ. ಬರೆ, ಮನಾಂಗ್.

ದೆಲ್ಫಿನ್

*

ತಗ್‌ಬಾತೋ
15 ಜೂನ್ 2008

ದೆಲ್ಫಿನ್,

ನಿನ್ನ ಕಾಗದವನ್ನು ಹರಿಯಲಿಲ್ಲ. ಒಲೆಗೆ ಹಾಕಲು ಹೋಗಿ ವಾಪಸ್ಸು ತೆಗೆದೆ. ಅಂಚು ಸುಟ್ಟಿದೆ.

ಅವನನ್ನು ದಡಕ್ಕೆ ತಂದಾಗ ನೀನು ಮರಳಿನ ಮೇಲೆ ವಾಂತಿ ಮಾಡುತ್ತಾ ಬಿದ್ದಿದ್ದೆ. ಅದಕ್ಕೇ ನೀನು ನೋಡಲಿಲ್ಲ. ತೊಳೆದವಳು ನಾನು. ಅವನ ಮುಖ ಕೆಂಪಗಿತ್ತು, ತೋತೋ. ಜಾತ್ರೆಯಲ್ಲಿ ಕುಣಿದು ಬಂದವರ ಹಾಗೆ ಕೆನ್ನೆ ತುಟಿ ಎಲ್ಲ ರಂಗೇರಿತ್ತು. ಬದುಕಿದ್ದಾಗ ಒಂದು ದಿನವೂ ಅಷ್ಟು ಚೆಂದ ಕಂಡವನಲ್ಲ. ಬಂದ ಹೆಂಗಸರು, "ನಿದ್ದೆ ಮಾಡ್ತಿದ್ದಾನೆ ಕಣೇ, ಅಲುಗಿಸಿ ನೋಡು" ಅಂದರು. ಅಲುಗಿಸಿದೆ. ಎಲ್ಲರೂ ಹೋದ ಮೇಲೂ ಅಲುಗಿಸುತ್ತಲೇ ಇದ್ದೆ.

ಆ ಬಣ್ಣ ಕೊಟ್ಟ ಗಾಳಿಯನ್ನು ನೀನು ಬೇಕಂತಲೇ, ಮಲಗಿಕೊಂಡು, ನರ್ಸಿನ ಕೈಯಿಂದ ಕುಡಿಯುತ್ತೇನೆ ಅನ್ನುತ್ತೀಯ. ಪ್ರಾಣಿಗಳು ಬದುಕಿದವು ಅನ್ನುತ್ತೀಯ. ನಾನು ನಿನಗೆ ಏನು ಮಾಡಿದೆ ಅಂತ ಹೀಗೆ ಮಾಡುತ್ತೀಯ? ಅದರ ಹೆಸರನ್ನು ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳುತ್ತೇನೆ ಅಂದಿದ್ದೆನಲ್ಲ, ನಾಚಿಕೆಯಾಗುತ್ತದೆ.

ಒಂದು ಮಾತು ಕೇಳುತ್ತೇನೆ. ಹದಿನೆಂಟು ವರ್ಷ ಕೇಳದೆ ಇದ್ದೆ. ನೀನೂ ಅವನ ಪಕ್ಕದಲ್ಲೇ ಇದ್ದೆ. ಕೆಳಗೆ ಏನಾಯಿತು? ಅವನಿಗೆ ಹೇಗಿತ್ತು? ಅದನ್ನು ಬರೆ. ಉಳಿದದ್ದು ಆಮೇಲೆ.

ಲುಮೆನ್

*

ಕೆಸೋನ್ ಸಿಟಿ
6 ಜುಲೈ 2008

ಮನಾಂಗ್,

ಅಂದು ಬೆಳಿಗ್ಗೆ ನೀರು ಗಾಜಿನ ಹಾಗಿತ್ತು. ಕಾಲಿಗೆ ಹಲಗೆಯ ರೆಕ್ಕೆ ಕಟ್ಟಿಕೊಂಡು, ಕೊಳವೆಯ ತುದಿ ಕಚ್ಚಿಕೊಂಡು ಇಬ್ಬರೂ ಇಳಿದೆವು. ಕೆಳಗೆ ಚಿಪ್ಪುಗಳು ಬಾಯಿ ತೆರೆದು ಮಲಗಿದ್ದವು. ನಾವು ಹತ್ತಿರ ಹೋದಂತೆ ಒಂದೊಂದಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಸಣ್ಣ ಹಳ್ಳಿಯೊಂದು ನಮ್ಮನ್ನು ಕಂಡು ಕದ ಹಾಕಿಕೊಂಡ ಹಾಗೆ.

ಮೇಲೆ ಗಾಳಿ ತಿರುಗಿದ್ದು ಕೆಳಗಿನವರಿಗೆ ಹೇಗೆ ಗೊತ್ತಾಗಬೇಕು? ಆ ಗಾಳಿಗೆ ವಾಸನೆ ಇಲ್ಲ, ರುಚಿಯೂ ಇಲ್ಲ. ಮೊದಲು ಹಣೆಯ ಸುತ್ತ ಯಾರೋ ಬಟ್ಟೆ ಬಿಗಿದ ಹಾಗಾಯಿತು. ಆಮೇಲೆ ಎಲ್ಲ ಮೆತ್ತಗಾಯಿತು. ನನ್ನ ಕೈ ಯಾರದೋ ಕೈಯ ಹಾಗೆ ದೂರದಲ್ಲಿ ಚಿಪ್ಪು ಆರಿಸುತ್ತಿತ್ತು. ಬೆಳಕು ಮೇಲಿನಿಂದ ದಾರದ ಹಾಗೆ ಇಳಿದು ಬರುತ್ತಿತ್ತು, ಅದನ್ನು ಹಿಡಿದು ಸುತ್ತಿಕೊಳ್ಳಬಹುದು ಅನ್ನಿಸುತ್ತಿತ್ತು. ನೋಂಗ್ ಇಸ್ಲಾವ್ ಕೆಲಸ ಬಿಟ್ಟು ಮರಳಿನ ಮೇಲೆ ಕೂತರು. ಸಂಜೆ ನಿನ್ನ ಮನೆಯ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದ ಹಾಗೆಯೇ, ಮೊಣಕಾಲ ಮೇಲೆ ಕೈ ಇಟ್ಟುಕೊಂಡು. ನನ್ನನ್ನು ನೋಡಿ ನಕ್ಕರು, ಕೈ ಆಡಿಸಿದರು. ನಾನೂ ಆಡಿಸಿದೆ. ಇಬ್ಬರಿಗೂ ಅವಸರವಿರಲಿಲ್ಲ.

ಅಷ್ಟರಲ್ಲಿ ನನ್ನ ಕೊಳವೆ ಹವಳದ ಕಲ್ಲಿಗೆ ಸಿಕ್ಕಿ ಬಾಯಿಂದ ಕಿತ್ತುಬಂತು. ಉಪ್ಪುನೀರು ಗಂಟಲಿಗೆ ನುಗ್ಗಿತು. ಆ ಕೆಮ್ಮು ನನ್ನನ್ನು ಮೇಲಕ್ಕೆ ಎಸೆಯಿತು. ಅವರ ಕೊಳವೆ ಎಲ್ಲಿಯೂ ಸಿಕ್ಕಲಿಲ್ಲ. ತಪ್ಪದೆ ಗಾಳಿ ಕೊಡುತ್ತಲೇ ಇತ್ತು. ಮೇಲೆ ಬಂದು ಕೂಗಿದೆ, ಅವರನ್ನು ಎಳೆದರು. ಆ ಹೊತ್ತಿಗೆ ಆಗಿಹೋಗಿತ್ತು.

ನೋವಿರಲಿಲ್ಲ, ಮನಾಂಗ್. ಇದನ್ನು ಎಂದೋ ಹೇಳಬಹುದಿತ್ತು. ಆದರೆ ಇದನ್ನು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು: ಅಲ್ಲಿ ಸುಖವಾಗಿತ್ತು. ವಾಪಸ್ಸು ಬರಲು ನನಗೆ ಮನಸ್ಸೇ ಇರಲಿಲ್ಲ. ಗಂಡನನ್ನು ಕಳೆದುಕೊಂಡವಳ ಮುಂದೆ ಈ ಮಾತನ್ನು ಹೇಗೆ ಆಡುವುದು?

ಅಂದು ನಮಗೆ ಎಷ್ಟು ಕುಡಿಯುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಗೋಡೆಯ ಮೇಲೆ ಒಂದು ಯಂತ್ರ ಇದೆ, ಕೋಣೆಯಲ್ಲಿ ಒಂದು ಎಳೆ ಹೆಚ್ಚಾದರೂ ಕಿರುಚಿಕೊಳ್ಳುತ್ತದೆ. ರಕ್ತ ತೆಗೆದು ತೆಗೆದು ನೋಡುತ್ತಾರೆ. ಅದನ್ನು ಯಾರಾದರೂ ಅಳೆದು ಕೊಡುವುದನ್ನು ಒಮ್ಮೆ ನೋಡಬೇಕು ಅನ್ನಿಸಿದೆ. ನನ್ನ ಕಾರಣ ಅಷ್ಟೇ ಇರಬೇಕು.

ದೆಲ್ಫಿನ್

*

ತಗ್‌ಬಾತೋ
17 ಆಗಸ್ಟ್ 2008

ತೋತೋ,

ನಿನ್ನ ಕಾಗದವನ್ನು ಕೊಳವೆಗಳ ಸುರುಳಿಯ ಮೇಲೆ ಕೂತು ಓದಿದೆ.

ಯಾವ ಕೊಳವೆ ಅಂತ ಕೇಳುತ್ತೀಯ. ಬೆರ್ತಿಂಗ್‌ನ ದೋಣಿಯದು. ಚಿಪ್ಪಿನ ಕೆಲಸ ಅಂದಿದ್ದೆನಲ್ಲ, ಚಿಪ್ಪು ಆರಿಸುವ ಕೆಲಸವಲ್ಲ. ಹೋದ ವರ್ಷದಿಂದ ಅವನ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೇನೆ. ಆ ಯಂತ್ರದ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಗುಡ್ಡದ ಆಚೆಗೆ ಓಡುತ್ತಿದ್ದವಳು ಈಗ ದಿನವೂ ಅದರ ಪಕ್ಕದಲ್ಲಿ ನಿಲ್ಲುತ್ತೇನೆ. ಪೆಟ್ರೋಲಿನ ವಾಸನೆ ದೋಣಿಯವನದಲ್ಲ, ನನ್ನ ಕೈಯದು.

ಏಕೆ ಹೋದೆ ಅಂದರೆ, ಒಂದು ದಿನ ದಡದಿಂದ ನೋಡುತ್ತಿದ್ದೆ. ಇಬ್ಬರು ಕೆಳಗೆ ಇಳಿದಿದ್ದರು, ದೋಣಿಯ ಮೇಲೆ ಯಂತ್ರ ನೋಡುವವನು ಟೋಪಿ ಮುಖದ ಮೇಲೆ ಹಾಕಿಕೊಂಡು ಮಲಗಿದ್ದ. ಅಷ್ಟೇ. ಏನೂ ಆಗಲಿಲ್ಲ ಅಂದು. ಆದರೆ ಮರುದಿನ ಹೋಗಿ ಬೆರ್ತಿಂಗ್‌ನನ್ನು ಕೆಲಸ ಕೇಳಿದೆ. "ಹೆಂಗಸ್ರು ದೋಣಿ ಹತ್ತಿದ್ರೆ ಚಿಪ್ಪು ಸಿಗಲ್ಲ" ಅಂದ. "ಹೆಣವಂತೂ ಸಿಗಲ್ಲ" ಅಂದೆ. ಕೆಲಸ ಕೊಟ್ಟ.

ನಿನಗೆ ಹೇಳಿದರೆ ನಿದ್ದೆ ಕೆಡಿಸಿಕೊಳ್ಳುತ್ತೀಯ ಅಂತ ಮುಚ್ಚಿಟ್ಟೆ. ನೀನೂ ಅದನ್ನೇ ಮಾಡಿದೆ. ಇನ್ನು ಯಾರು ಯಾರನ್ನು ಬೈಯುವುದು?

ಮೊನ್ನೆ ನೈಋತ್ಯದ ಗಾಳಿ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಕೊಲಾಸ್ ಮತ್ತು ಅವನ ಜೊತೆಗಾರ ಕೆಳಗಿದ್ದರು. ಇದ್ದಕ್ಕಿದ್ದ ಹಾಗೆ ಗಾಳಿ ತಿರುಗಿ ಹೊಗೆಯೆಲ್ಲ ಯಂತ್ರ ಉಸಿರೆಳೆಯುವ ಬಾಯಿಯ ಕಡೆಗೇ ಬಂತು. ನಾನು ಕೊಳವೆ ಎಳೆಯತೊಡಗಿದೆ.

ಬೆರ್ತಿಂಗ್ ಕೂಗಿದ: "ಏ ಲುಮೆನ್! ಈಗ ತಾನೆ ಇಳ್ದಿದ್ದಾರೆ, ಯಾಕೆ ಎಳೀತಿದ್ದೀ?"

"ಗಾಳಿ ತಿರುಗ್ತು."

"ತಿರುಗ್ದ್ರೆ ಮತ್ತೆ ತಿರುಗತ್ತೆ. ನಿನ್ನ ಮೂಗೇನು ದಿಕ್ಸೂಚಿನಾ?"

"ನನ್ನ ಮೂಗು ಬಿಡು, ನಿನ್ನ ಹೊಗೆ ನೋಡು. ಎಲ್ಲಿಗ್ ಹೋಗ್ತಿದೆ? ನೋಡೋ!"

ಅವನು ನೋಡಿದ. ಆಮೇಲೆ ಅವನೂ ಎಳೆದ.

ಕೊಲಾಸ್ ಮೇಲೆ ಬಂದವನು ದೋಣಿಯ ಅಂಚು ಹಿಡಿದು ನಗುತ್ತಿದ್ದ. ಏಕೆ ಎಳೆದಿರಿ ಅಂತ ಕೇಳಲೂ ಇಲ್ಲ. ಸುಮ್ಮನೆ ನಗುತ್ತಿದ್ದ, ಚೆಂದದ ನಗು. ನೀನು ಬರೆದ ನಗು ಅದು. ಮಲಗಿಸಿ ಕೆನ್ನೆ ತಟ್ಟುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು ಅಂತ ಬೈಯತೊಡಗಿದ. ಆಗ ಜೀವ ಬಂತು ನನಗೆ. ಮರುದಿನ ಬೆರ್ತಿಂಗ್ ಯಂತ್ರದ ಬಾಯಿಗೆ ಉದ್ದನೆಯ ಪೈಪು ಜೋಡಿಸಿ, ಹೊಗೆ ತಾಗದ ಹಾಗೆ ದೋಣಿಯ ಮೂತಿಯ ಮೇಲೆ ಎತ್ತರಕ್ಕೆ ಕಟ್ಟಿದ.

ಇಸ್ಲಾವ್ ನಕ್ಕು ಕೈ ಆಡಿಸಿದ ಅಂತ ಬರೆದೆಯಲ್ಲ. ಅದನ್ನು ದಿನಕ್ಕೆ ಎಷ್ಟೋ ಸಲ ಓದುತ್ತೇನೆ. ಇಷ್ಟು ವರ್ಷ ನನ್ನ ಕಣ್ಣಿನಲ್ಲಿ ಅವನು ಒದ್ದಾಡುತ್ತಲೇ ಇದ್ದ. ಈಗ ಕೂತಿದ್ದಾನೆ.

ನಿನ್ನ ಗಾಳಿಯನ್ನು ನೀನು ಕುಡಿ. ಆದರೆ ಆ ಒಂದು ಗಂಟೆ ನಿನ್ನ ಮುಖ ನೋಡುತ್ತಾ ಕೂರುವವರು ಯಾರು? ಗೋಡೆಯ ಯಂತ್ರ ಬೇಡ, ಮನುಷ್ಯರ ಹೆಸರು ಬೇಕು ನನಗೆ.

ಲುಮೆನ್

*

ಕೆಸೋನ್ ಸಿಟಿ
28 ಸೆಪ್ಟೆಂಬರ್ 2008

ಮನಾಂಗ್,

ನಿನ್ನ ಕಾಗದ ಓದಿ ಕೋಪದಲ್ಲಿ ಎರಡು ಪುಟ ಬರೆದಿದ್ದೆ. ಆ ಯಂತ್ರದ ಹತ್ತಿರ ನಿಲ್ಲಲು ನಿನಗೇನು ಬಂದಿತ್ತು ಅಂತ. ಅಂಚೆಗೆ ಹಾಕುವ ಮೊದಲೇ ಆಸ್ಪತ್ರೆಯ ಕರೆ ಬಂತು. ಆಮೇಲೆ ಆ ಪುಟಗಳನ್ನು ಓದಿದರೆ ನನ್ನದೇ ಅನ್ನಿಸಲಿಲ್ಲ, ಹರಿದುಬಿಟ್ಟೆ.

ಕಿಡ್ನಿ ಹಾಕಿದರು. ಯಾರದು ಅಂತ ಹೇಳುವುದಿಲ್ಲ. ಪ್ರಾಯದವರದು ಅಂತ ಮಾತ್ರ ಗೊತ್ತು. ಹೊಟ್ಟೆಯ ಬಲಗಡೆ, ಕೈ ಇಟ್ಟರೆ ಸಿಗುವಷ್ಟು ಹತ್ತಿರದಲ್ಲಿ ಮಲಗಿದೆ. ಆಪರೇಷನ್ ಆದ ಮಾರನೆಯ ದಿನ ಮುಸುಕು ತಂದರು.

ನೀನು ಕೇಳಿದ ಹೆಸರು: ಚೋನಾ. ನಮ್ಮ ಗಿನಮೋಸ್ ಕದ್ದವಳೇ. ಕೊರಳಪಟ್ಟಿಗೆ ಗಾಳಿ ಅಳೆಯುವ ಸಣ್ಣ ಯಂತ್ರ ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ನಮ್ಮಕ್ಕ ನಿಮ್ಮ ಹೆಸ್ರು ಕೇಳಿದ್ದಾಳೆ" ಅಂದೆ.

"ಚೋನಾ ಅಂತ ಬರೀರಿ. ಪೂರ್ತಿ ಹೆಸ್ರು ಎನ್ಕಾರ್ನಾಸಿಯೋನ್. ಅದನ್ನ ಬರೆಯೋ ಹೊತ್ತಿಗೆ ನಿಮ್ಮ ಹೊಲಿಗೆ ಬಿಚ್ಚೋ ದಿನ ಬರತ್ತೆ."

"ತೂಕಡಿಸಲ್ಲ ತಾನೆ?"

"ನೋಡ್ದೇನೇ ನಿಮ್ಮಕ್ಕನ್ನ ಕಂಡ್ರೆ ಭಯ ಆಗ್ತಿದೆ ನಂಗೆ. ಎಲ್ಲಿ ತೂಕಡಿಸ್ಲಿ?"

ಮುಸುಕು ಹಾಕಿದರು. ರಬ್ಬರಿನ ವಾಸನೆ. ಮೊದಲ ಉಸಿರು ಎಳೆಯಲು ಆಗಲೇ ಇಲ್ಲ, ಮನಾಂಗ್. ಎದೆ ಬಾಗಿಲು ಹಾಕಿಕೊಂಡಿತ್ತು. ಚೋನಾ ಕೈ ಹಿಡಿದುಕೊಂಡಳು. ಆಮೇಲೆ ಎಳೆದೆ.

ನೋವಿನ ಮದ್ದಿನ ಮಂಪರೂ ಇತ್ತು. ಕಿಟಕಿಯ ಬಿಸಿಲು ಹಸಿರಾಯಿತು. ಕೋಣೆ ನಿಧಾನವಾಗಿ ತುಂಬಿಕೊಂಡಿತು, ಆದರೆ ಹಾಸಿಗೆ ಒದ್ದೆಯಾಗಲಿಲ್ಲ. ನೋಂಗ್ ಇಸ್ಲಾವ್ ಬಂದು ಮಂಚದ ಅಂಚಿನಲ್ಲಿ ಕೂತರು. ಕಾಲಿನಲ್ಲಿ ಹಲಗೆಯ ರೆಕ್ಕೆ.

"ಜರುಗೋ ತೋತೋ, ಒಬ್ನೇ ಮಂಚ ಪೂರ್ತಿ ಹಿಡ್ಕೊಂಡಿದ್ದೀಯಲ್ಲ" ಅಂದರು. ಜರುಗಿದೆ. ಹೊಲಿಗೆ ನೋಯಲಿಲ್ಲ.

"ಲುಮೆನ್ ಏನ್ ಮಾಡ್ತಿದ್ದಾಳೆ?"

"ದೋಣಿ ಮೇಲೆ ನಿಂತು ಗಾಳಿ ಕಾಯ್ತಿದ್ದಾಳೆ, ನೋಂಗ್."

ಅವರು ತುಂಬ ಹೊತ್ತು ತಲೆ ಆಡಿಸಿದರು, ಹೆಮ್ಮೆಯಿಂದ. ನಡುನಡುವೆ ದೂರದಿಂದ ಚೋನಾ ಕರೆಯುತ್ತಿದ್ದಳು: "ದೆಲ್ಫಿನ್, ಇದ್ದೀರಾ?" ಪ್ರತಿ ಸಲವೂ "ಇದ್ದೀನಿ" ಅಂದೆ. ಕೊನೆಯ ಸಲ ಅವರೇ, "ಕರೀತಿದ್ದಾಳಲ್ಲ, ಹೋಗು" ಅಂದರು. ಕಣ್ಣು ಬಿಟ್ಟೆ. ಮುಸುಕು ತೆಗೆದಿದ್ದರು. ಏನೂ ಆಗಿರಲಿಲ್ಲ.

ಆ ಗಾಳಿಯೇ ಅವರನ್ನು ಕರೆದುಕೊಂಡು ಬಂತು ಅಂತ ನನಗೆ ಖಾತ್ರಿ ಇದೆ. ಒಯ್ದದ್ದು ಅದೇ, ತಂದದ್ದೂ ಅದೇ. ಇನ್ನು ಅದರ ಮೇಲೆ ನನಗೆ ಸಿಟ್ಟಿಲ್ಲ.

ಇನ್ನೊಂದು ಮಾತು, ನಗಬೇಡ. ಮೂತ್ರ ಬಂತು! ಮೂರು ವರ್ಷದ ಮೇಲೆ. ಕೊಳವೆಯಲ್ಲಿ ಹಳದಿಯಾಗಿ, ಬಿಸಿಲು ಬಿದ್ದ ಹಾಗೆ. ಚೋನಾ ಚೀಲವನ್ನು ಎತ್ತಿ ವಾರ್ಡಿಗೆಲ್ಲ ತೋರಿಸಿದಳು. ನೋಡಲು ಬಂದಿದ್ದ ಮಾಂಗ್ ಗಾರ್ದೋ ಚಪ್ಪಾಳೆ ಹೊಡೆದರು. ಆಮೇಲೆ ಒಂದು ಲೋಟ ನೀರು ಕೊಟ್ಟರು. ಪೂರ್ತಿ ಲೋಟ. ನಾನು ಅತ್ತುಬಿಟ್ಟೆ.

ನಿನ್ನ ತಮ್ಮ
ದೆಲ್ಫಿನ್

*

ಕೆಸೋನ್ ಸಿಟಿ
23 ನವೆಂಬರ್ 2008

ಮನಾಂಗ್,

ಕಿಡ್ನಿ ಚೆನ್ನಾಗಿದೆ. ನಾನು ಅಷ್ಟು ಚೆನ್ನಾಗಿಲ್ಲ.

ಅಧ್ಯಯನ ಮುಗಿಯಿತು. ಮುಸುಕು ಹಾಕಿಸಿಕೊಂಡವರಲ್ಲಿ ಆ ಗಾಳಿಯಿಂದ ಯಾರಿಗೂ ತೊಂದರೆ ಆಗಲಿಲ್ಲವಂತೆ. ಕಿಡ್ನಿಗೆ ಅದರಿಂದ ಉಪಯೋಗ ಆಯಿತೇ ಅನ್ನುವುದಕ್ಕೆ ಇನ್ನೂ ತುಂಬ ಜನರಿಗೆ ಕೊಟ್ಟು ನೋಡಬೇಕು, ಅದು ಯಾವಾಗಲೋ. ಯಾರಿಗೆ ಯಾವುದು ಬಂತು ಅಂತ ತಿಳಿಯಬೇಕೆಂದವರಿಗೆ ತಿಳಿಸುತ್ತೇವೆ ಅಂದರು. ನಾನು ಮತ್ತು ಮಾಂಗ್ ಗಾರ್ದೋ ಹೋದೆವು.

ಅವರಿಗೆ ಬಂದದ್ದು ಆ ಗಾಳಿ. "ಥತ್, ಕುಬಾವೋ ಸಿಗ್ನಲ್‌ನಲ್ಲಿ ಇದಕ್ಕಿಂತ ಗಟ್ಟಿ ಸಿಗ್ತಿತ್ತು" ಅಂತ ಕೈ ಕೊಡವಿ ಎದ್ದರು.

ನನಗೆ ಬಂದದ್ದು ಬರಿಯ ಗಾಳಿ. ನೀನು ಉಸಿರಾಡುತ್ತೀಯಲ್ಲ, ಅದೇ.

"ಬರಿಯ ಗಾಳಿ ಕುಡಿದವರು ಇಲ್ದಿದ್ರೆ ಹೋಲಿಸಿ ನೋಡೋಕೇ ಆಗ್ತಿರ್ಲಿಲ್ಲ ದೆಲ್ಫಿನ್. ನೀವು ಕೊಟ್ಟಿದ್ದು ಕಮ್ಮಿ ಅಲ್ಲ" ಅಂದರು ಡಾಕ್ಟರ್. ತಲೆ ಆಡಿಸಿದೆ. ಹೊರಗೆ ಬಂದು ಅದೇ ಮೆಟ್ಟಿಲ ಮೇಲೆ ಕೂತೆ. ನಿನ್ನನ್ನು ಅಷ್ಟು ನೋಯಿಸಿದೆ, ನಾನು ಅಷ್ಟು ಹೆದರಿದೆ, ಆ ಮೊದಲ ಉಸಿರಿಗೆ ಎಷ್ಟು ಧೈರ್ಯ ಬೇಕಾಯಿತು. ಎಲ್ಲ ಯಾತಕ್ಕೆ? ಕಿಟಕಿ ತೆರೆದಿದ್ದರೂ ಅದೇ ಬರುತ್ತಿತ್ತು. ನೋಂಗ್ ಇಸ್ಲಾವ್ ಮಂಚದ ಮೇಲೆ ಕೂತದ್ದನ್ನು ನಿನಗೆ ಬರೆದೆನಲ್ಲ, ಅದು ಬರೀ ಮದ್ದಿನ ಮಂಪರಿರಬೇಕು. ಅದನ್ನು ನಂಬಿಕೊಂಡಿದ್ದರೆ ಬಿಟ್ಟುಬಿಡು.

ದೆಲ್ಫಿನ್

*

ಇಲೋಯಿಲೋದಿಂದ ಮನಿಲಾಕ್ಕೆ, ಹಡಗಿನ ಮೇಲೆ
14 ಡಿಸೆಂಬರ್ 2008

ತೋತೋ,

ನಿನ್ನ ಕಾಗದ ಓದಿ ನಾನು ನಕ್ಕೆ. ಬೆರ್ತಿಂಗ್ ಹೆದರಿಕೊಂಡ, ದೋಣಿಯ ಮೇಲೆ ನಾನು ನಕ್ಕದ್ದನ್ನು ಅವನು ಕಂಡಿರಲಿಲ್ಲ.

ನೀನು ಬುದ್ಧಿವಂತ ಅಂತ ಅಮ್ಮ ಹೇಳುತ್ತಿದ್ದಳು, ಯಾವ ಕಾರಣಕ್ಕೋ ಗೊತ್ತಿಲ್ಲ. ಅದರ ಹಿಂದಿನ ಕಾಗದದಲ್ಲಿ ಏನು ಬರೆದಿದ್ದೆ? ಆ ಗಾಳಿಯೇ ಇಸ್ಲಾವ್‌ನನ್ನು ತಂದಿತು ಅಂದಿದ್ದೆ. ಅದನ್ನು ಓದಿ ನನಗೆ ಸಂಕಟವಾಗಿತ್ತು, ನಿನಗೆ ಹೇಳಲಿಲ್ಲ. ಸತ್ತ ಮೇಲೂ ಅವನು ಆ ಹೊಗೆಯ ಕೈಯಲ್ಲೇ ಇದ್ದಾನೆಯೇ, ಅದು ಕರೆದರೆ ಬರುತ್ತಾನೆಯೇ ಅಂತ. ಈಗ ನೋಡು, ಹೊಗೆ ಇರಲೇ ಇಲ್ಲ. ಬರಿಯ ಗಾಳಿ ಇತ್ತು. ಅಂದರೆ ಅವನಾಗಿಯೇ ಬಂದ. ನಿನ್ನನ್ನು ನೋಡಬೇಕು ಅನ್ನಿಸಿತು, ಬಂದ. ಮಂಪರು ಅನ್ನುತ್ತೀಯ. ಇರಲಿ, ಬಾಗಿಲು ಯಾವುದಾದರೇನು?

ಇಷ್ಟನ್ನು ಬರೆದು ಅಂಚೆಗೆ ಹಾಕೋಣ ಅಂತ ಎಸ್ತಾನ್ಸಿಯಾಕ್ಕೆ ಬಂದೆ. ಅಂಚೆ ಕಚೇರಿಯ ಮುಂದೆ ನಿಂತಾಗ, ಇದನ್ನು ಬೇರೆಯವರ ಕೈಗೆ ಯಾಕೆ ಕೊಡಬೇಕು ಅನ್ನಿಸಿತು. ಇಲೋಯಿಲೋದ ಬಸ್ಸು ಹತ್ತಿದೆ. ಈಗ ಹಡಗಿನ ಮೇಲೆ ಕೂತಿದ್ದೇನೆ. ಹುಟ್ಟಿದಂದಿನಿಂದ ಇಷ್ಟು ದೊಡ್ಡ ದೋಣಿ ಹತ್ತಿದವಳಲ್ಲ. ಸುತ್ತ ನೆಲವೇ ಕಾಣುತ್ತಿಲ್ಲ, ನೀರು ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿದೆ. ಮೊದಲು ಹಡಗಿನ ಚಿಮಣಿ ಎಲ್ಲಿದೆ ಅಂತ ಹುಡುಕಿದೆ. ಹೊಗೆ ಎತ್ತ ಹೋಗುತ್ತಿದೆ ನೋಡಿಕೊಂಡು ಈಚೆ ಕೂತೆ.

ನಮ್ಮ ದೋಣಿಯ ಚಿಂತೆ ಬೇಡ. ಎಸ್ತಾನ್ಸಿಯಾಕ್ಕೆ ಹೊರಡುವಾಗಲೇ ಕೊಲಾಸ್‌ನ ಹೆಂಡತಿಯನ್ನು ನನ್ನ ಜಾಗದಲ್ಲಿ ನಿಲ್ಲಿಸಿ ಬಂದಿದ್ದೆ, ನಾನು ಬರುವವರೆಗೆ ನೀನೇ ನಿಲ್ಲು ಅಂತ ದೋಣಿಯವನ ಕೈಯಲ್ಲಿ ಹೇಳಿ ಕಳಿಸಿದ್ದೇನೆ. ನನಗಿಂತ ಅವಳ ಬಾಯಿ ದೊಡ್ಡದು. ಅವಳು ಇದ್ದರೆ ಗಾಳಿಯೂ ತಿರುಗಲು ಯೋಚಿಸುತ್ತದೆ.

ನೀನು ಏನು ತಿನ್ನಬಹುದು ಅಂತ ಗೊತ್ತಾಗದೆ ಏನನ್ನೂ ತಂದಿಲ್ಲ. ಅಲ್ಲಿಗೆ ಬಂದ ಮೇಲೆ ಚೋನಾಳನ್ನು ಕೇಳಿ ಅಡುಗೆ ಮಾಡುತ್ತೇನೆ. ಅವಳನ್ನು ಒಮ್ಮೆ ನೋಡಬೇಕು. ಈ ಕಾಗದ ನನ್ನ ಕೈಚೀಲದಲ್ಲೇ ಬರುತ್ತದೆ. ನೀನು ಇದನ್ನು ಓದುವಾಗ ನಾನು ನಿನ್ನ ಎದುರಿಗೆ ಕೂತು, ನೀರು ಕುಡಿಯುತ್ತಾ, ನೀನು ಯಾವ ಸಾಲಿಗೆ ನಗುತ್ತೀಯ ಅಂತ ನೋಡುತ್ತಿರುತ್ತೇನೆ. ಓದಿ ಮುಗಿದರೆ ತಲೆ ಎತ್ತು.

ಲುಮೆನ್